ಗೋಮಾಳದಲ್ಲಿ ಜಿಂಕೆಗೆ ಇಟ್ಟ ನೀರು, ಉಪ್ಪು, ಜೋಳಕ್ಕೆ ದನ ನುಗ್ಗದಂತೆ ಏನು ಮಾಡಬೇಕು?

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ಜಾಗ ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಬಾಳೆಲೆ ಕಡೆ, ನಾಗರಹೊಳೆ ಕಾಡಂಚು. ಹನ್ನೊಂದು ಮನೆಯವರು ದನ ಬಿಡುವ ಗೋಮಾಳ, ಸುಮಾರು 14 ಎಕರೆ. ಒಟ್ಟು 32 ದನ. ಅದರಲ್ಲಿ 20 ಮಲೆನಾಡು ಗಿಡ್ಡ, ಉಳಿದವು ಜೆರ್ಸಿ ಮತ್ತು ಎಚ್‌ಎಫ್ ಮಿಶ್ರತಳಿ. ಏಳೆಂಟು ಕರುಗಳು ಬೇರೆ.

ಬೇಸಿಗೆಯಲ್ಲಿ ಜಿಂಕೆಗಳು ಗದ್ದೆಗೆ ಇಳಿಯುವುದು ಕಡಿಮೆಯಾಗಲಿ ಎಂದು ಗೋಮಾಳದ ಮೇಲಿನ ಮೂಲೆಯಲ್ಲಿ ಮೂರು ವಸ್ತು ಇಡಲಾಗಿದೆ: ಅರ್ಧಕ್ಕೆ ಕೊಯ್ದ 200 ಲೀಟರಿನ ಡ್ರಮ್ಮಿನಲ್ಲಿ ನೀರು, ವಾರಕ್ಕೆ 5 ಕೆ.ಜಿ. ಕಲ್ಲುಪ್ಪು, ಮರದ ತೊಟ್ಟಿಯಲ್ಲಿ ಅರ್ಧ ಮೂಟೆ ಮುಸುಕಿನ ಜೋಳ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಎಲ್ಲವೂ ದನದ ಪಾಲು. ಸುತ್ತ ಎರಡು ಎಳೆ ಮುಳ್ಳುತಂತಿ ಎಳೆದರೆ ದನ ಒತ್ತಿಕೊಂಡು ಒಳಗೆ ಹೋಗುತ್ತವೆ, ಜಿಂಕೆಗಳೇ ಹತ್ತಿರ ಬರುತ್ತಿಲ್ಲ.

ಬೇಲಿಯ ಎತ್ತರ ಎಷ್ಟಿದ್ದರೆ ದನ ನಿಂತು ಜಿಂಕೆ ದಾಟುತ್ತದೆ? ಸೋಲಾರ್ ಬೇಲಿ ಹಾಕಿದರೆ ಹೇಗೆ? ಜಿಂಕೆಗೆ ಮಾತ್ರ ಎಟುಕುವ ತೊಟ್ಟಿ ಮಾಡಲು ಸಾಧ್ಯವೇ? ಅಳತೆ ಸಮೇತ ತಿಳಿಸಿದರೆ ಉಪಕಾರ.

ಮೇವುಮದ್ದು:

ಬೇಲಿಯ ಮಾತಿಗೆ ಮೊದಲು ಒಂದು ವಿನಂತಿ. ಆ ಜೋಳದ ತೊಟ್ಟಿಯನ್ನು ಇವತ್ತೇ ತೆಗೆಯಿರಿ. ದನ ತಿನ್ನುತ್ತಿರುವುದು ನಷ್ಟದ ವಿಷಯವಲ್ಲ, ಜೀವದ ವಿಷಯ.

ಹುಲ್ಲು ತಿಂದು ರೂಢಿಯಾದ ಹೊಟ್ಟೆಗೆ ಒಮ್ಮೆಗೇ ಎರಡು ಮೂರು ಕೆ.ಜಿ. ಜೋಳ ಬಿದ್ದರೆ ಮೆಲುಕು ಚೀಲದಲ್ಲಿ ಹುಳಿ ಏರುತ್ತದೆ. ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಹುಳಿ ಮಾಡುವವು ಹೆಚ್ಚುತ್ತವೆ. ಮೊದಲು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಎಡಹೊಟ್ಟೆ ಉಬ್ಬುತ್ತದೆ. ನಂತರ ಹುಳಿ ವಾಸನೆಯ ನೀರು ಸಗಣಿ, ನಡೆಯುವಾಗ ತೂರಾಟ, ಕೊನೆಗೆ ಮಲಗಿಬಿಡುತ್ತದೆ. ಹನ್ನೊಂದು ಮನೆಯ ದನ ಒಂದೇ ತೊಟ್ಟಿಗೆ ಬಾಯಿ ಹಾಕುವಾಗ ಸಮ ಪಾಲು ಆಗುವುದಿಲ್ಲ. ಜೋರಾದ ಒಂದೆರಡು ದನಗಳೇ ಮುಕ್ಕಾಲು ಭಾಗ ತಿನ್ನುತ್ತವೆ, ಆಪತ್ತು ಅವಕ್ಕೇ. ಈಗಾಗಲೇ ಯಾವುದಾದರೂ ಹಸು ಮೇವು ಬಿಟ್ಟಿದ್ದರೆ ಹಿಂಡಿ, ಅಕ್ಕಿಗಂಜಿ ಏನೂ ಕೊಡದೆ ಒಣಹುಲ್ಲು ಮಾತ್ರ ಹಾಕಿ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಅಡುಗೆ ಸೋಡಾ ಕೊಡುವ ಪ್ರಮಾಣ ದನದ ತೂಕ ನೋಡಿ ಅವರೇ ಹೇಳಬೇಕು.

ಜಿಂಕೆಯೂ ಮೆಲುಕು ಹಾಕುವ ಪ್ರಾಣಿ, ಅದಕ್ಕೂ ಇದೇ ಗತಿ. ಕಾಡಿನಲ್ಲಿ ಹೊಟ್ಟೆ ಉಬ್ಬಿದ ಜಿಂಕೆಯನ್ನು ನೋಡಿ ಮದ್ದು ಮಾಡುವವರು ಯಾರೂ ಇಲ್ಲ.

ಜೋಳಕ್ಕೆ ಮೊದಲು ಬರುವುದು ಜಿಂಕೆಯಲ್ಲ, ಕಾಡುಹಂದಿ. ವಾಸನೆ ಹಿಡಿದರೆ ಆನೆ. ಜಿಂಕೆಗಳು ಒಂದೇ ಕಡೆ ದಿನವೂ ಸೇರತೊಡಗಿದರೆ ಹಿಂದಿನಿಂದ ಚಿರತೆ, ಹುಲಿ. ಪೊನ್ನಂಪೇಟೆ ತಾಲ್ಲೂಕಿನಲ್ಲಿ ತೋಟದೊಳಗೆ ಹುಲಿ ದನ ಹಿಡಿಯುವುದು ಹೊಸದೇನಲ್ಲ, ಮೇಯುವ ಜಾಗಕ್ಕೆ ನಾವೇ ಅದನ್ನು ಕರೆಯಬಾರದು. ಗದ್ದೆ ಉಳಿಸಲು ಇಟ್ಟ ಜೋಳ ಗದ್ದೆಯ ಹತ್ತಿರಕ್ಕೇ ಪ್ರಾಣಿಗಳನ್ನು ರೂಢಿ ಮಾಡಿಸುತ್ತದೆ.

ಕಾನೂನೂ ಗಟ್ಟಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಗುಂಡು, ಉರುಳು, ಬೋನು ಮಾತ್ರವಲ್ಲ, ಆಮಿಷ ಒಡ್ಡುವುದೂ ಸೇರಿದೆ. ಉಪ್ಪು ಮತ್ತು ಕಾಳು ಇಟ್ಟು ಕಾಯುವುದು ಕಳ್ಳಬೇಟೆಯವರ ಹಳೆಯ ದಾರಿ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ನೀವಿಟ್ಟ ಉಪ್ಪಿನ ಮೇಲೆ ಬೇರೆ ಯಾರೋ ರಾತ್ರಿ ಕೋವಿ ಹಿಡಿದು ಕುಳಿತರೆ ಜವಾಬ್ದಾರಿ ಯಾರದ್ದು?

ರೋಗದ ಮಾತೂ ಇದೆ. ಕಾಲುಬಾಯಿ ಜ್ವರ ಜೊಲ್ಲಿನಿಂದ ಹರಡುತ್ತದೆ, ಜಿಂಕೆ ಕಡವೆಗಳಿಗೂ ತಗಲುತ್ತದೆ. ಒಂದೇ ಉಪ್ಪಿನ ಗಟ್ಟಿಯನ್ನು ಹಗಲು ದನ, ರಾತ್ರಿ ಜಿಂಕೆ ನೆಕ್ಕುವುದಕ್ಕಿಂತ ಸುಲಭದ ದಾರಿ ಆ ರೋಗಕ್ಕೆ ಬೇಕಿಲ್ಲ. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೈ ಕಡೆಯ ಕಾಟಿಗಳನ್ನು (ಕಾಡುಕೋಣ) ಗುಂಪುಗುಂಪಾಗಿ ಕೊಂದಿತ್ತು. ಆ ರೋಗ 2011ರಲ್ಲಿ ಲೋಕದಿಂದಲೇ ತೊಲಗಿತು ಎಂದು ಘೋಷಣೆಯಾಗಿದೆ, ಕಾಲುಬಾಯಿ ತೊಲಗಿಲ್ಲ. ಅಭಯಾರಣ್ಯದಿಂದ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ಅದೇ ಕಾಯ್ದೆಯ 33ಎ ಕಲಮು ಹೇಳುವುದು ಇದಕ್ಕಾಗಿಯೇ. ವರ್ಷಕ್ಕೆ ಎರಡು ಸಲ, ನಾಲ್ಕು ತಿಂಗಳು ತುಂಬಿದ ಕರುಗಳನ್ನೂ ಬಿಡದೆ ಹಾಕಿಸಿ. ಮೊದಲ ಸಲ ಹಾಕಿಸಿಕೊಂಡ ಕರುವಿಗೆ ಒಂದು ತಿಂಗಳಿಗೆ ಮತ್ತೊಂದು ಬೇಕು.

ಇಡಬಹುದಾದ್ದು ನೀರು ಮಾತ್ರ. ಅದೂ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ.

ಬೇಲಿಗೂಟ:

ಮೇಲಿನವರು ಹೇಳಿದ್ದು ಸರಿ, ನೀರಿಗೆ ಮಾತ್ರ ಬೇಲಿ ಎಂದುಕೊಂಡು ಬರೆಯುತ್ತೇನೆ.

ಅಮೆರಿಕದ ಟೆಕ್ಸಾಸಿನಲ್ಲಿ ಜಿಂಕೆಗೆ ಜೋಳ ಎರಚುವ ಯಂತ್ರ ಇಟ್ಟು, ಸುತ್ತ 34 ಇಂಚು ಎತ್ತರದ ಕಬ್ಬಿಣದ ಜಾಲರಿ ನಿಲ್ಲಿಸುತ್ತಾರೆ. ಅದರ ಚಿತ್ರ ನೋಡಿ ಇಲ್ಲಿ ಮಾಡಲು ಹೋಗಬೇಡಿ. ಅಲ್ಲಿಯದು ಬಿಳಿಬಾಲದ ಜಿಂಕೆ, ನಿಂತಲ್ಲಿಂದ ಹಾರುತ್ತದೆ. ನಮ್ಮ ಚುಕ್ಕೆ ಜಿಂಕೆಗೆ ಹಾರಲು ಬರುತ್ತದೆ, ಆದರೆ ಬೆದರದ ಹೊರತು ಹಾರುವುದಿಲ್ಲ. ಬೇಲಿ ಸಿಕ್ಕಿದರೆ ಮೂತಿ ತಗ್ಗಿಸಿ ಅಡಿಯಲ್ಲಿ ಸಂದು ಹುಡುಕುತ್ತದೆ. 1932ರ ಸುಮಾರಿಗೆ ನಮ್ಮ ಚುಕ್ಕೆ ಜಿಂಕೆಯನ್ನು ಟೆಕ್ಸಾಸಿಗೂ ಒಯ್ದು ಬಿಟ್ಟಿದ್ದಾರೆ, ಅಲ್ಲಿಯೂ ಅದು ನುಸುಳುವ ಜಾತಿಯೇ. ಕಡವೆ ಹಾರುತ್ತದೆ. ಕಾಡುಕುರಿ ಎಂಬ ಪುಟ್ಟ ಜಾತಿಯ ಜಿಂಕೆಗೆ ಚಿಕ್ಕ ಸಂದು ಸಾಕು. ಹಾಗಾಗಿ ನಮ್ಮ ಬೇಲಿ ಅಡಿಯಲ್ಲಿ ತೆರೆದಿರಬೇಕು, ಮೇಲೆ ನಯವಾಗಿರಬೇಕು.

ಮುಳ್ಳುತಂತಿ ಪೂರಾ ಬಿಚ್ಚಿಬಿಡಿ. ಎರಡು ಎಳೆ ಎಂದರೆ ದನಕ್ಕೆ ಮೈ ಕೆರೆದುಕೊಳ್ಳುವ ಜಾಗ. ಕೊಂಬಿನ ಗಂಡು ಜಿಂಕೆಗೆ ಮಾತ್ರ ಅದು ಉರುಳು. ಹಾರುವ ಕಡವೆಯ ಹಿಂಗಾಲು ಮೇಲಿನ ಎರಡು ಎಳೆಗಳ ನಡುವೆ ಸಿಕ್ಕಿ ತಿರುಚಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಅಳತೆ: 24 ಅಡಿ ಚೌಕ. ಸುತ್ತಳತೆ 96 ಅಡಿ. 6 ಅಡಿಗೆ ಒಂದರಂತೆ 16 ಕಂಬ, ಒಂದೊಂದೂ 7 ಅಡಿ ಉದ್ದ, ಎರಡು ಅಡಿ ನೆಲದೊಳಗೆ. ನಾಲ್ಕು ಮೂಲೆಗೆ ಕಲ್ಲುಕಂಬವೇ ಇರಲಿ, ನಡುವಿನವು ಸಿಲ್ವರ್ ಓಕ್ ಆದರೆ ನಡೆಯುತ್ತದೆ. ಆದರೆ ಸಿಲ್ವರ್ ಓಕ್ ಮಣ್ಣಿನಲ್ಲಿ ಬೇಗ ಕುಂಬಾಗುತ್ತದೆ, ಗೆದ್ದಲಿಗೂ ಇಷ್ಟ. ಹೂಳುವ ಭಾಗವನ್ನು ಬೆಂಕಿಯಲ್ಲಿ ಕಪ್ಪಾಗುವವರೆಗೆ ಸುಟ್ಟು ಮೇಲೆ ಡಾಂಬರು ಬಳಿದು ನಿಲ್ಲಿಸಿ. ಹಾಲುವಾಣದ ಗೂಟ ಜೀವಂತ ಕಂಬವಾಗುತ್ತದೆ ಎಂದು ಯಾರಾದರೂ ಹೇಳಬಹುದು. ಚಿಗುರುತ್ತದೆ ನಿಜ, ದನಕ್ಕೆ ಆ ಸೊಪ್ಪು ಬಲು ಇಷ್ಟ. ಸೊಪ್ಪಿಗಾಗಿ ಬೇಲಿಗೆ ಒರಗುತ್ತವೆ, ಬೇರು ಹಿಡಿಯದ ಗೂಟ ಕಿತ್ತು ಬರುತ್ತದೆ. ಇಲ್ಲಿ ಬೇಡ.

ಅಡ್ಡಕ್ಕೆ ಬಿದಿರು, ಮೂರು ಸಾಲು. ಕೆಳಗಿನದು ನೆಲದಿಂದ ಒಂದೂವರೆ ಅಡಿ, ನಡುವಿನದು ಎರಡು ಮುಕ್ಕಾಲು ಅಡಿ, ಮೇಲಿನದು ನಾಲ್ಕು ಅಡಿ. 13 ಅಡಿಯ ಬಿದಿರು ಎರಡು ಅಂಕಣ (ಕಂಬದಿಂದ ಕಂಬಕ್ಕೆ ಇರುವ ಜಾಗ) ದಾಟಿ ಒಂದು ಅಡಿ ಮೇಲೆಬೀಳುತ್ತದೆ. ಸಾಲಿಗೆ 8ರಂತೆ 24 ಬೇಕು, 28 ತನ್ನಿ. ಕಡಿದ ಬಿದಿರನ್ನು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಸಿಹಿ ತೊಳೆದುಹೋಗಿ ಹುಳ ಕುಟ್ಟುವುದು ತಗ್ಗುತ್ತದೆ. ಮೊಳೆ ಹೊಡೆಯಬೇಡಿ, ಬಿದಿರು ಸೀಳುತ್ತದೆ. ಸತು ಲೇಪಿಸಿದ ಜಿ.ಐ. ತಂತಿಯಿಂದ ಎಂಟರ ಆಕಾರದಲ್ಲಿ ಬಿಗಿದು ತುದಿಯನ್ನು ಒಳಕ್ಕೆ ಮಡಚಿ. ಬಿದಿರು ಯಾವಾಗಲೂ ಕಂಬದ ಹೊರಮೈಗೆ, ಅಂದರೆ ದನ ನಿಲ್ಲುವ ಕಡೆಗೆ ಇರಬೇಕು. ಒಳಮೈಗೆ ಕಟ್ಟಿದರೆ ದನ ಒತ್ತಿದ ಭಾರವೆಲ್ಲ ಕಟ್ಟಿನ ಮೇಲೆ ಬಿದ್ದು ಬಿಚ್ಚಿಕೊಳ್ಳುತ್ತದೆ, ಹೊರಗಿದ್ದರೆ ಕಂಬವೇ ಭಾರ ಹೊರುತ್ತದೆ. ಬೇಲಿ ಕೆಡುವುದರಲ್ಲಿ ಹೆಚ್ಚಿನವು ಈ ಒಂದು ತಪ್ಪಿನಿಂದ.

24 ಅಡಿ ಅಷ್ಟು ದೊಡ್ಡದು ಏಕೆಂದರೆ ದನ ಬಿದಿರಿನ ನಡುವೆ ಕುತ್ತಿಗೆ ತೂರಿಸಿ ಮೂರು ನಾಲ್ಕು ಅಡಿ ಚಾಚುತ್ತದೆ. ಹಾರಿ ಬರುವ ಕಡವೆಗೂ ಕಾಲೂರಲು ಜಾಗ ಬೇಕು. ನಡುವೆ 8 ಅಡಿಯ ನೀರಿನ ಹಳ್ಳ ಇಟ್ಟರೆ ಸುತ್ತ 8 ಅಡಿ ಉಳಿಯುತ್ತದೆ.

ಡ್ರಮ್ಮು ಬೇಡ. ಅಂಚು ಹರಿತ, ಜಿಂಕೆಯ ಮರಿಗೆ ಎಟುಕುವುದಿಲ್ಲ, ಒಳಗೆ ಬಿದ್ದ ಕಪ್ಪೆ, ಓತಿ, ಹಕ್ಕಿ ಮೇಲೆ ಬರಲಾಗದೆ ಸತ್ತು ನೀರು ಕೊಳೆಯುತ್ತದೆ. ನೆಲಮಟ್ಟದಲ್ಲಿ ತಟ್ಟೆಯ ಆಕಾರದ ಹಳ್ಳ ತೋಡಿ: ಅಗಲ 8 ಅಡಿ, ನಡುವೆ 1 ಅಡಿ ಆಳ, ಎಲ್ಲ ಕಡೆಯೂ ಇಳಿಜಾರು. ಸುಮಾರು 700 ಲೀಟರ್ ಹಿಡಿಯುತ್ತದೆ. ಮಣ್ಣು ಬಡಿದು, ಕೋಳಿಜಾಲರಿ ಹಾಸಿ, ಸಿಮೆಂಟು, ಮರಳು, ಜಲ್ಲಿ 1:2:4ರ ಕಾಂಕ್ರೀಟು 4 ಇಂಚು ದಪ್ಪ, ಸಿಮೆಂಟು 3 ಚೀಲ. ಮೈ ಒರಟಾಗಿರಲಿ, ನುಣುಪು ಮಾಡಿದರೆ ಗೊರಸು ಜಾರುತ್ತದೆ. 10 ದಿನ ನೀರುಣಿಸಿ, ಎರಡು ಸಲ ತುಂಬಿ ಖಾಲಿ ಮಾಡಿದ ಮೇಲೆ ಕುಡಿಯಲು ಬಿಡಿ. ಅಂಚಿನ ಸುತ್ತ ಮೂರು ಅಡಿ ಕಾಡುಕಲ್ಲು ಹಾಸದಿದ್ದರೆ ಹಂದಿ ಅಗೆದು ಅಂಚನ್ನೇ ಮುರಿಯುತ್ತದೆ. ವಾರಕ್ಕೊಮ್ಮೆ ಉಜ್ಜಿ ನೀರು ಬದಲಿಸಬೇಕು, ತಡವಾದರೆ ಸೊಳ್ಳೆಮರಿ ರೆಕ್ಕೆ ಕಟ್ಟುತ್ತದೆ.

ಆನೆಯನ್ನು ಈ ಬೇಲಿ ತಡೆಯುವುದಿಲ್ಲ, ತಡೆಯುವ ಉದ್ದೇಶವೂ ಇಲ್ಲ. ಅದಕ್ಕೇ ನೆಲದ ಮೇಲೆ ಟ್ಯಾಂಕು ಇಡದೆ ನೀರು ತರುವ ಪೈಪನ್ನು ಒಂದೂವರೆ ಅಡಿ ಆಳದಲ್ಲಿ ಹೂಳಿ. ಬಿದಿರು ಮುರಿದರೆ ಅರ್ಧ ದಿನದಲ್ಲಿ ಕಟ್ಟಬಹುದು.

ಸೋಲಾರ್ ಕೇಳಿದ್ದೀರಿ. ಗದ್ದೆ ಕಾಯಲು ಸರಿ, ಇಲ್ಲಿಗೆ ಹೊಂದುವುದಿಲ್ಲ. ಸೆಕೆಂಡಿಗೊಂದು ಮಿಡಿತ ಬರುವ ತಂತಿಯ ಅಡಿಯಲ್ಲಿ ನುಸುಳುವ ಜಿಂಕೆಗೆ ಬೆನ್ನಿಗೇ ಹೊಡೆತ ಬೀಳುತ್ತದೆ, ಮತ್ತೆ ಆ ಕಡೆ ಸುಳಿಯುವುದಿಲ್ಲ. ಕಂಬದ ಲೈನಿನಿಂದ ನೇರವಾಗಿ ಕರೆಂಟು ಕೊಡುವ ಯೋಚನೆ ಹನ್ನೊಂದು ಮನೆಯಲ್ಲಿ ಯಾರಿಗೂ ಬರಬಾರದು. ಅದು ಅಪರಾಧ, ಮನುಷ್ಯರನ್ನೂ ಆನೆಯನ್ನೂ ಕೊಲ್ಲುತ್ತದೆ.

ಗದ್ದೆಬದು:

ಇಬ್ಬರಿಗೂ ವಂದನೆ. ಜೋಳದ ತೊಟ್ಟಿ ತೆಗೆದಾಯಿತು, ಉಪ್ಪನ್ನೂ ತೆಗೆಯುತ್ತೇವೆ. ಎರಡು ಸಂಶಯ. ಉಪ್ಪಿಗೆ ರುಚಿ ಹತ್ತಿದ ದನ ಈಗಲೂ ಆ ಮೂಲೆಗೇ ಓಡುತ್ತವೆ, ಖಾಲಿ ಮಣ್ಣು ನೆಕ್ಕುತ್ತವೆ. ಅದನ್ನು ಬಿಡಿಸುವುದು ಹೇಗೆ? ಇನ್ನೊಂದು, ಒಂದೂವರೆ ಅಡಿ ಸಂದಿನಲ್ಲಿ ಗಿಡ್ಡ ತಳಿಯ ಕರುಗಳು ಆರಾಮವಾಗಿ ನುಗ್ಗುತ್ತವಲ್ಲ?

ಕೊಟ್ಟಿಗೆಯಕ್ಕ:

ತಮ್ಮಾ, ದನ ಮಣ್ಣು ನೆಕ್ಕುತ್ತಿದೆ ಎಂದರೆ ಅದು ಚಪಲವಲ್ಲ, ಮೈಗೆ ಉಪ್ಪು ಸಾಲದು. ನಮ್ಮ ಕಡೆ ಸುರಿಯುವ ಮಳೆಗೆ ಮಣ್ಣಿನ ಸುಣ್ಣ, ಉಪ್ಪು ಎಲ್ಲ ತೊಳೆದು ಹೊಳೆಗೆ ಹೋಗುತ್ತದೆ. ಹುಲ್ಲು ಹಸಿರಾಗಿ ಕಾಣುತ್ತದೆ, ಸತ್ವ ಕಡಿಮೆ. ಗೋಡೆ ನೆಕ್ಕುವುದು, ಬಟ್ಟೆ ಅಗಿಯುವುದು, ಎಲುಬು ಕಚ್ಚುವುದು ಎಲ್ಲ ಉಪ್ಪು, ಖನಿಜಗಳ ಕೊರತೆಯ ಗುರುತು. ಬೇಲಿ ಎಷ್ಟು ಗಟ್ಟಿಯಾಗಿದ್ದರೂ ಒಳಗೆ ಬೇಕಾದ್ದು ಇದೆ ಎಂದು ಗೊತ್ತಿರುವ ದನ ದಿನವೂ ಅದನ್ನು ಒತ್ತಿ ನೋಡುತ್ತದೆ. ಬೇಕಾದ್ದು ಕೊಟ್ಟಿಗೆಯಲ್ಲೇ ಸಿಕ್ಕರೆ ಒತ್ತುವುದು ಬಿಡುತ್ತದೆ. ಬೇಲಿಗಿಂತ ಮೊದಲು ಈ ಕೆಲಸ ಆಗಬೇಕು.

ದೊಡ್ಡ ದನಕ್ಕೆ ದಿನಕ್ಕೆ 30 ಗ್ರಾಂ ಅಡುಗೆ ಉಪ್ಪು, ಅಂದರೆ ನಿಮ್ಮ 32 ದನಕ್ಕೆ ಹೆಚ್ಚು ಕಡಿಮೆ ಒಂದು ಕೆ.ಜಿ. ಮೇಲೆ ಖನಿಜ ಮಿಶ್ರಣ, ಹಾಲು ಕೊಡುವ ಹಸುವಿಗೆ 50 ಗ್ರಾಂ, ಬತ್ತಿದ ಹಸುವಿಗೆ 30, ಕರುವಿಗೆ 10ರಿಂದ 15. ಬೆಳಿಗ್ಗೆ ಮೇಯಲು ಬಿಡುವ ಮೊದಲು ತವುಡು ಅಥವಾ ಹಿಂಡಿಯಲ್ಲಿ ಕಲಸಿ ಕೊಡಿ. ಸಂಜೆ ಮಾತ್ರ ಕೊಟ್ಟರೆ ಬೆಳಿಗ್ಗೆ ಹಳೆಯ ಜಾಗ ನೆನಪಾಗುತ್ತದೆ. ಉಪ್ಪಿಗೆ ಹಸಿದ ದನದ ಮುಂದೆ ಒಮ್ಮೆಗೇ ಗಟ್ಟಿ ಇಡಬೇಡಿ. ನೀರು ಸಾಕಷ್ಟು ಇಲ್ಲದೆ ಅತಿಯಾಗಿ ನೆಕ್ಕಿದರೆ ಅದೇ ವಿಷ. ಮೊದಲ ವಾರ ಅರ್ಧ ಪ್ರಮಾಣ, ಪಕ್ಕದಲ್ಲೇ ಬೇಕಾದಷ್ಟು ನೀರು.

ಯೂರಿಯಾ, ಬೆಲ್ಲದಪಾಕ ಸೇರಿಸಿದ ನೆಕ್ಕು ಇಟ್ಟಿಗೆಯನ್ನು ಗೋಮಾಳದಲ್ಲಿ ಖಂಡಿತ ಇಡಬೇಡಿ. ಮಳೆಗೆ ಕರಗಿ ತೊಟ್ಟಿಯಲ್ಲಿ ನಿಂತ ನೀರು ಕುಡಿದರೆ ಯೂರಿಯಾ ಒಮ್ಮೆಗೇ ಹೊಟ್ಟೆಗೆ ಹೋಗಿ ದನ ಅಲ್ಲೇ ಬೀಳುತ್ತದೆ. ಆರು ತಿಂಗಳೊಳಗಿನ ಕರುವಿಗಂತೂ ಕೊಟ್ಟಿಗೆಯಲ್ಲೂ ಬೇಡ.

ನೀರಿನ ಲೆಕ್ಕವನ್ನೂ ನೋಡಿ. ಬೇಸಿಗೆಯಲ್ಲಿ ಗಿಡ್ಡ ಹಸುವಿಗೆ 25ರಿಂದ 30 ಲೀಟರ್, ಹಾಲು ಕೊಡುವ ಮಿಶ್ರತಳಿಗೆ 60 ಅಥವಾ ಹೆಚ್ಚು. ಒಟ್ಟು ದಿನಕ್ಕೆ 1,200 ಲೀಟರಿನ ಮೇಲೆ. 200 ಲೀಟರಿನ ಅರ್ಧ ಡ್ರಮ್ಮು ಹತ್ತು ಗಂಟೆಗೆ ಖಾಲಿಯಾಗದೆ ಇನ್ನೇನು? ದನಕ್ಕೆ ಬೇರೆಯೇ ತೊಟ್ಟಿ ಕಟ್ಟಿಸಿ. ಊರಿನ ಕಡೆಯಿಂದ ಗೋಮಾಳಕ್ಕೆ ಹೋಗುವ ದಾರಿಯಲ್ಲಿ, ಜಿಂಕೆಯ ಮೂಲೆಗೆ ಎದುರು ದಿಕ್ಕಿನಲ್ಲಿ. ಉದ್ದ 12 ಅಡಿ, ಅಂಚಿನ ಎತ್ತರ ಎರಡು ಅಡಿಯೊಳಗೆ. ಎರಡೂ ಬದಿಯಿಂದ ಕುಡಿಯುವಂತಿದ್ದರೆ ಒಮ್ಮೆಗೆ ಹತ್ತು ದನ ನಿಲ್ಲುತ್ತವೆ, ಮೊಂಡು ದನ ಉಳಿದವನ್ನು ಓಡಿಸಲಾಗುವುದಿಲ್ಲ. ನೆರಳಿರುವ ಕಡೆ ಕಟ್ಟಿದರೆ ಮಧ್ಯಾಹ್ನ ಅಲ್ಲೇ ಮಲಗಿ ಮೆಲುಕು ಹಾಕುತ್ತವೆ, ಮೇಲಿನ ಮೂಲೆ ತಾನಾಗಿ ಮರೆಯುತ್ತದೆ.

ಉಪ್ಪು ಬಿದ್ದ ಹಳೆಯ ಮಣ್ಣನ್ನು ಒಂದು ಅಡಿ ಆಳಕ್ಕೆ ತೆಗೆದು ಬೇರೆ ಮಣ್ಣು ತುಂಬಿ. ಬರೀ ಮುಚ್ಚಿದರೆ ಕಾಲಿನಿಂದ ಕೆದರಿ ತೆಗೆಯುತ್ತವೆ. ನೀರಿನ ಹಳ್ಳವನ್ನು ಆ ಜಾಗದಲ್ಲಿ ಮಾಡಲೇಬೇಡಿ, ಕಾಡಿನ ಕಡೆಗೆ ಇನ್ನೂ ಐವತ್ತು ಅರವತ್ತು ಗಜ ಸರಿಸಿ.

ಪೈಸಾರಿ:

ಒಂದು ಮಾತು ಸೇರಿಸುತ್ತೇನೆ. ಗೋಮಾಳ ಕಂದಾಯ ಇಲಾಖೆಯ ಜಾಗ, ಮೇವಿಗೆ ಮೀಸಲು. ಹನ್ನೊಂದು ಮನೆಯವರು ಒಪ್ಪಿದರೂ ಅದರಲ್ಲಿ ಕಾಂಕ್ರೀಟು ಹಾಕಲು ಪಂಚಾಯಿತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ. ವಲಯ ಅರಣ್ಯಾಧಿಕಾರಿಗೂ ಲಿಖಿತವಾಗಿ ತಿಳಿಸಿ, ಸರ್ವೆ ನಂಬರು, ಕೈನಕ್ಷೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ನೀರು ಎಂಬುದೆಲ್ಲ ಇರಲಿ. ಕಾಡಿನೊಳಗೆ ಕೆರೆಯ ಹೂಳು ತೆಗೆಯುವುದು, ಉಪ್ಪಿನ ನೆಲೆ ಮಾಡುವುದು ಇಲಾಖೆಯೇ ಮಾಡುವ ಕೆಲಸ. ಅಂಚಿನಲ್ಲಿ ನೀರು ಇಡುವುದಕ್ಕಿಂತ ಒಳಗಿನ ಕೆರೆ ತುಂಬಿಸಿ ಎಂದು ಕೇಳುವುದು ಮೇಲು, ಅರ್ಜಿಯಲ್ಲಿ ಅದನ್ನೂ ಬರೆಯಿರಿ. ಗೋಮಾಳದಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಎಷ್ಟು ಹಬ್ಬಿದೆ ನೋಡಿ. ಮಳೆಗೆ ಮೊದಲು ಬುಡಸಮೇತ ಕಿತ್ತರೆ ಆ ಜಾಗದಲ್ಲಿ ಹುಲ್ಲು ಬರುತ್ತದೆ, ದನಕ್ಕೂ ಜಿಂಕೆಗೂ ಜೋಳಕ್ಕಿಂತ ಅದೇ ಬೇಕಾದ್ದು. ಬರೀ ಕತ್ತಿಯಲ್ಲಿ ಸವರಿದರೆ ಎರಡರಷ್ಟು ಚಿಗುರುತ್ತದೆ.

ಬೇಲಿಗೂಟ:

ಕರುಗಳ ಪ್ರಶ್ನೆ ಸರಿಯಾಗಿದೆ. ಗಿಡ್ಡ ತಳಿಯ ದೊಡ್ಡ ಹಸುವೇ ಮೂರು ಅಡಿಯ ಸುಮಾರು ಎತ್ತರ, ಅದು ಒಂದೂವರೆ ಅಡಿಯಲ್ಲಿ ನುಸುಳುವುದಿಲ್ಲ, ಕರು ನುಸುಳುತ್ತದೆ. ಕರು ಒಳಗೆ ಸಿಕ್ಕಿ ಕೂಗಿದರೆ ತಾಯಿ ಬೇಲಿ ಮುರಿಯದೆ ಬಿಡುವುದಿಲ್ಲ.

ಇದಕ್ಕೆ ನಮ್ಮ ಹಳೆಯ ಉಣಗೋಲೇ (ಸರಿಸಿ ತೆಗೆಯುವ ಅಡ್ಡಗೋಲು) ಸಾಕು. ನೆಲದಿಂದ ಒಂಬತ್ತು ಇಂಚು ಎತ್ತರಕ್ಕೆ ನಾಲ್ಕನೆಯ ಸಾಲು ಸೇರಿಸಿ, 8 ಬಿದಿರು ಹೆಚ್ಚಿಗೆ. ಎರಡು ಬದಿಗೆ ಅದನ್ನು ಖಾಯಂ ಕಟ್ಟಿ. ಕಾಡಿನ ಕಡೆಯ ಬದಿ ಮತ್ತು ಅದರ ಎದುರು ಬದಿಯಲ್ಲಿ ಮಾತ್ರ ಕಟ್ಟದೆ, ಕಂಬಗಳಿಗೆ ಹೊರಗಡೆಯಿಂದ ದಪ್ಪ ತಂತಿಯ ಬಳೆ ಬಿಗಿದು ಅದರಲ್ಲಿ ಬಿದಿರು ತೂರಿಸಿಡಿ. ಬೆಳಿಗ್ಗೆ ದನ ಬಿಡುವ ಮೊದಲು ಹಾಕುವುದು, ಸಂಜೆ ದನ ಹಟ್ಟಿಗೆ ಸೇರಿದ ಮೇಲೆ ಎಳೆದು ತೆಗೆಯುವುದು. ಜಿಂಕೆ ನೀರಿಗೆ ಬರುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ, ಹಾಗಾಗಿ ತೊಂದರೆಯಿಲ್ಲ. ಹನ್ನೊಂದು ಮನೆಗೆ ವಾರದ ಪಾಳಿ ಹಂಚಿಕೊಳ್ಳಿ. ತೆಗೆದ ಬಿದಿರನ್ನು ಬೇಲಿಗೆ ಒರಗಿಸದೆ ದೂರ ಇಡಿ, ಕತ್ತಲಲ್ಲಿ ಕಾಲಿಗೆ ತೊಡರಬಾರದು.

ಒಂದೇ ಬದಿ ತೆರೆದರೆ ಕೆಲಸ ಸುಲಭ ಅನಿಸುತ್ತದೆ, ಹಾಗೆ ಮಾಡಬೇಡಿ. ಸೀಳುನಾಯಿ ಅಥವಾ ಚಿರತೆ ಆ ಬಾಯಿಯಲ್ಲಿ ನಿಂತರೆ ಬೇಲಿ ಬೋನಾಗುತ್ತದೆ. ಎದುರುಬದುರು ಎರಡು ದಾರಿ ಇರಲೇಬೇಕು, ಬೇಲಿಯಿಂದ ಹತ್ತು ಹದಿನೈದು ಅಡಿವರೆಗೆ ಪೊದೆ ಸವರಿ ಬಯಲು ಬಿಡಬೇಕು.

ಕಟ್ಟಿದ ಮೇಲೆ ಮೊದಲ ಎರಡು ವಾರ ಜಿಂಕೆ ಬರದಿದ್ದರೆ ಗಾಬರಿಯಾಗಬೇಡಿ. ರಾತ್ರಿ ತೆರೆಯುವ ಎರಡು ಬದಿಯಲ್ಲೂ ಒಂಬತ್ತು ಇಂಚಿನ ಸಾಲಿನ ಜೊತೆಗೆ ಒಂದೂವರೆ ಅಡಿಯ ಸಾಲನ್ನೂ ತೆಗೆದಿಡಿ, ಹೆಜ್ಜೆ ಗುರುತು ಕಂಡ ಮೇಲೆ ಒಂದೂವರೆ ಅಡಿಯದನ್ನು ಮತ್ತೆ ಹಾಕಿ. ಗುರುತು ನೋಡಲು ಬಾಯಿಯ ಮುಂದೆ ಹೊಳೆಮರಳು ಎರಡು ಬುಟ್ಟಿ ಹರಡಿದರೆ ಸಾಕು. ಜೂನ್‌ನಲ್ಲಿ ಮಳೆ ಹಿಡಿದು ತೋಡುಗಳು ಹರಿದ ಕೂಡಲೇ ಅಡ್ಡ ಬಿದಿರನ್ನೆಲ್ಲ ಬಿಚ್ಚಿ ಸೂರಿನಡಿ ಇಡಿ, ಕಂಬ ಮಾತ್ರ ನಿಲ್ಲಲಿ. ಹಳ್ಳದಲ್ಲಿ ಮಳೆನೀರು ನಿಂತು ಕೊಳೆಯದಂತೆ ಕಟ್ಟುವಾಗಲೇ ತಳದಲ್ಲಿ ಒಂದೂವರೆ ಇಂಚಿನ ಪೈಪು ಇಟ್ಟು, ಇಳಿಜಾರಿನ ಕಡೆಗೆ ಬಿರಡೆ ಹಾಕಿ. ಬಿರಡೆ ಮಳೆಗಾಲ ಮುಗಿಯುವವರೆಗೆ ತೆರೆದೇ ಇರಲಿ.